ಶಕ್ತಿಗೆ ತಕ್ಕ ತ್ಯಾಗ: ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರು

ಷೋಡಶಕಾರಣ ವ್ರತವನ್ನಾಚರಿಸುವ ಶ್ರಾವಕ ಶ್ರಾವಿಕೆಯರು ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂಬ ಭಾವನೆಗಳನ್ನು ಬಲ್ಲರು. ಇರುವ ಶಕ್ತಿಯನ್ನು ಅಡಗಿಸಬಾರದು, ಇಲ್ಲದ ಶಕ್ತಿಯನ್ನು ಸಾಲ ತಂದು ಸವೆಸಲೂಬಾರದು. ಮೊದಲನೆಯದನ್ನು ನಾವು ನೆನೆಯುವಷ್ಟು ಎರಡನೆಯದನ್ನು ನೆನೆಯುವುದಿಲ್ಲ. ಕೇಳಿದವರಿಗೆಲ್ಲ ಕೊಟ್ಟು, ಕರೆದಲ್ಲಿಗೆಲ್ಲ ಓಡಿ, ಕಡೆಗೆ ಹಾಸಿಗೆ ಹಿಡಿದ ಸಜ್ಜನರು ಪ್ರತಿ ಊರಿನಲ್ಲಿಯೂ ಇರುವರು.

ಸರ್ ಎಂ. ವಿಶ್ವೇಶ್ವರಯ್ಯನವರು ನಮ್ಮ ಸಮಾಜದವರಲ್ಲ. ಆದರೂ ಶಿವಮೊಗ್ಗ, ಭದ್ರಾವತಿಗಳ ಓದುಗರಿಗೆ ಈ ವಿಷಯದಲ್ಲಿ ಅವರಿಗಿಂತ ಹತ್ತಿರದ ನಿದರ್ಶನ ದೊರೆಯದು. 1912ರಲ್ಲಿ ಮೈಸೂರಿನ ದಿವಾನಗಿರಿಯನ್ನು ಒಪ್ಪುವ ಮುನ್ನ ಅವರು ಬಂಧುಗಳನ್ನು ಊಟಕ್ಕೆ ಕರೆದು, ಪದವಿಯ ಬಲದಿಂದ ಯಾರಿಗೂ ಉಪಕಾರ ಮಾಡಲಾರೆನೆಂದು ಮೊದಲೇ ತಿಳಿಸಿದ ಸಂಗತಿ ಪ್ರಸಿದ್ಧವಾಗಿದೆ. ಇದನ್ನು ಕಾಠಿಣ್ಯವೆಂದವರೂ ಇದ್ದಿರಬಹುದು. ನನಗಾದರೋ ಅದು ದಾನಕ್ಕೆ ಹಾಕಿಕೊಂಡ ಪರಿಮಾಣದಂತೆ ತೋರುತ್ತದೆ. ನೂರು ಸಣ್ಣ ಬೇಡಿಕೆಗಳಲ್ಲಿ ಚೆಲ್ಲಿಹೋಗಬಹುದಾಗಿದ್ದ ಶಕ್ತಿಯು ನಾಡಿನ ಕಾರ್ಯಕ್ಕೆ ಉಳಿಯಿತು. 1918ರ ಕೊನೆಯಲ್ಲಿ ಅವರು ಆ ಪದವಿಯನ್ನೂ ಬಿಟ್ಟರು.

ಒಂದು ಕಾಲದಲ್ಲಿ ಬೆಂಕಿಪುರವೆನಿಸಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅವರ ದಿವಾನಗಿರಿಯಲ್ಲಿಯೇ ಅಂಕುರಾರ್ಪಣವಾಗಿತ್ತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು, ಭದ್ರಾ ನದಿಯ ನೀರು, ಇವುಗಳನ್ನು ನೆಚ್ಚಿದ ಉದ್ಯಮವದು. 1923ರಲ್ಲಿ ಕುಲುಮೆಯಿಂದ ಕಬ್ಬಿಣ ಹರಿಯತೊಡಗಿದಾಗ ಮಹಾಯುದ್ಧದ ಕಾಲದ ಬೆಲೆ ಉಳಿದಿರಲಿಲ್ಲ. ನಷ್ಟದ ಮೇಲೆ ನಷ್ಟ, ಅದರ ಮೇಲೆ ಟೀಕೆ. ಆಗ ಅರವತ್ತನ್ನು ದಾಟಿದ್ದ ಅವರು ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು. ವೆಚ್ಚವನ್ನು ಹಿಡಿತಕ್ಕೆ ತಂದರು. ವಿದೇಶೀ ತಜ್ಞರ ಸ್ಥಾನಗಳಿಗೆ ನಾಡಿನ ಇಂಜಿನಿಯರುಗಳನ್ನು ಸಿದ್ಧಗೊಳಿಸಿದರು. ತಾವೊಬ್ಬರೇ ಎಲ್ಲ ಭಾರವನ್ನೂ ಹೊರದೆ, ಹೊರಬಲ್ಲ ಹೆಗಲುಗಳನ್ನು ಬೆಳೆಸಿದುದರಿಂದಲೇ 1929ರಲ್ಲಿ ಅವರು ಅಲ್ಲಿಂದ ನಿಶ್ಚಿಂತೆಯಾಗಿ ಹೊರಡುವುದು ಸಾಧ್ಯವಾಯಿತು.

ಈ ವರ್ಷಗಳಲ್ಲಿ ಅವರು ಸಂಬಳವನ್ನು ಪಡೆಯಲಿಲ್ಲ. ಇಲ್ಲಿ ಗೃಹಸ್ಥರು ಗಮನಿಸತಕ್ಕ ಮಾತೊಂದಿದೆ. ಮುಂಬಯಿ ಸರ್ಕಾರದ ಸೇವೆಯಿಂದ 1908ರಲ್ಲಿ ನಿವೃತ್ತರಾದ ಅವರಿಗೆ ವಿಶ್ರಾಂತಿವೇತನವಿತ್ತು. ಮನೆಯ ಒಲೆಯನ್ನು ಆರಿಸಿ ಮಾಡಿದ ತ್ಯಾಗ ಅದಲ್ಲ. ದೇಹದ ವಿಷಯದಲ್ಲಿಯೂ ಇದೇ ಲೆಕ್ಕ: ಮಿತವಾದ ಆಹಾರ, ತಪ್ಪದ ನಡಿಗೆ, ಗಡಿಯಾರದಂತೆ ನಡೆಯುವ ದಿನಚರಿ. ಹೊಟ್ಟೆ ತುಂಬುವ ಮೊದಲೇ ಏಳುವುದನ್ನು ಅವಮೌದರ್ಯವೆಂದು ಬಾಹ್ಯತಪಗಳಲ್ಲಿ ಎಣಿಸುವ ನಮಗೆ ಇದು ಹೊಸತೇನಲ್ಲ. ನೂರು ವರ್ಷಗಳನ್ನು ಪೂರೈಸಿ 1962ರ ಏಪ್ರಿಲ್ ತಿಂಗಳಲ್ಲಿ ಅವರು ದಿವಂಗತರಾದರು.

ಸರ್ಕಾರವು ಭದ್ರಾವತಿಯ ಸೇವೆಗಾಗಿ ಸಲ್ಲಿಸಬೇಕಾಗಿದ್ದ ಹಣವು ಲಕ್ಷ ರೂಪಾಯಿಗಳನ್ನು ಮೀರಿತ್ತು. ಅದನ್ನು ತರುಣರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ವಿನಿಯೋಗಿಸಬೇಕೆಂದು ಅವರು ಕೋರಿದರು. 1943ರಲ್ಲಿ ಬೆಂಗಳೂರಿನಲ್ಲಿ ಆ ಸಂಸ್ಥೆ ಆರಂಭವಾಯಿತು. ಅದಕ್ಕೆ ತಮ್ಮ ಹೆಸರನ್ನಿಡಲು ಅವರು ಒಪ್ಪಲಿಲ್ಲ. ಶ್ರೀ ಜಯಚಾಮರಾಜೇಂದ್ರರ ಹೆಸರನ್ನು ಇಡಲಾಯಿತು.