ಬಿಸಿಲನ್ನು ಅಳೆದ ಅನ್ನಾ ಮಣಿ

1918ರ ಆಗಸ್ಟ್ 23ರಂದು ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ ಅನ್ನಾ ಮಣಿಯವರು ಜನಿಸಿದರು. ಎಂಟರ ಹರೆಯಕ್ಕೇ ಊರಿನ ಗ್ರಂಥಾಲಯದಲ್ಲಿದ್ದ ಮಲಯಾಳ ಪುಸ್ತಕಗಳನ್ನು ಬಹುಮಟ್ಟಿಗೆ ಓದಿ ಮುಗಿಸಿದ್ದ ಬಾಲಕಿ, ಹುಟ್ಟುಹಬ್ಬಕ್ಕೆ ಮನೆಯವರು ಕೊಡಬಂದ ವಜ್ರದ ಓಲೆಗಳನ್ನು ಒಲ್ಲೆನೆಂದು ವಿಶ್ವಕೋಶವನ್ನು ಕೇಳಿ ಪಡೆದಳು.

ಮುಂದೆ ಅದೇ ವಜ್ರಗಳ ಬೆಳಕಿನ ಗುಣಗಳನ್ನು ಅವರು ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಸಂಶೋಧಿಸಿದರು. ಐದು ಸಂಶೋಧನ ಲೇಖನಗಳು ಪ್ರಕಟವಾದರೂ, ಸ್ನಾತಕೋತ್ತರ ಪದವಿಯಿಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯವು ಡಾಕ್ಟರೇಟ್ ನಿರಾಕರಿಸಿತು. 1945ರಲ್ಲಿ ಲಂಡನ್ನಿಗೆ ತೆರಳಿ ಹವಾಮಾನ ಉಪಕರಣಗಳ ವಿದ್ಯೆಯನ್ನು ಕಲಿತರು.

1948ರಲ್ಲಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿ, ಸುಮಾರು ನೂರು ಉಪಕರಣಗಳನ್ನು ಸ್ವದೇಶದಲ್ಲೇ ತಯಾರಿಸಲು ಬೇಕಾದ ನಕ್ಷೆಗಳನ್ನು ಸಿದ್ಧಪಡಿಸಿದರು. 1957–58ರ ಅಂತಾರಾಷ್ಟ್ರೀಯ ಭೂಭೌತ ವರ್ಷದಲ್ಲಿ ದೇಶದ ಹಲವೆಡೆ ಸೌರ ವಿಕಿರಣವನ್ನು ಅಳೆಯುವ ಕೇಂದ್ರಗಳನ್ನು ಸ್ಥಾಪಿಸಿದರು.

ಅಳೆಯುವ ಉಪಕರಣವಿಲ್ಲದ ಊರುಗಳಲ್ಲಿ ದಿನದ ಗರಿಷ್ಠ, ಕನಿಷ್ಠ ಉಷ್ಣಾಂಶಗಳ ಅಂತರದಿಂದ ಬಿಸಿಲಿನ ಪ್ರಮಾಣವನ್ನು ಅಂದಾಜಿಸುವ ಕ್ರಮವಿದೆ. ಆಗಸ ನಿರ್ಮಲವಾಗಿದ್ದರೆ ಹಗಲು ಹೆಚ್ಚು ಕಾಯುತ್ತದೆ, ಇರುಳು ಹೆಚ್ಚು ತಣಿಯುತ್ತದೆ. ಮೋಡ ಕವಿದರೆ ಈ ಅಂತರ ಕುಗ್ಗುತ್ತದೆ. ಆದರೆ ಅಂದಾಜನ್ನು ಒರೆಗೆ ಹಚ್ಚಲು ನೇರವಾಗಿ ಅಳೆದ ಅಂಕಿಗಳೇ ಬೇಕು. 1980ರಲ್ಲಿ ಹೊರಬಂದ ಅವರ ಕೈಪಿಡಿ ಭಾರತದ ಅಂತಹ ಅಂಕಿಗಳನ್ನು ಒಂದೆಡೆ ಒದಗಿಸಿತು.

2001ರ ಆಗಸ್ಟ್ 16ರಂದು ಅವರು ತಿರುವನಂತಪುರದಲ್ಲಿ ನಿಧನರಾದರು. ತಾಯ್ನುಡಿಯ ಪುಸ್ತಕಗಳಿಂದ ಓದು ಆರಂಭಿಸಿದವರು ವಿಜ್ಞಾನದಲ್ಲಿ ಹಿಂದುಳಿಯುವರೆಂದು ಅಳುಕುವ ಪೋಷಕರು ಈ ಬದುಕನ್ನು ಮಕ್ಕಳಿಗೆ ಓದಿ ಹೇಳಬೇಕು.