ತಾಜ್‌ಮಹಲಿಗಿಂತ ಮೊದಲು ಬುರ್ಹಾನ್‌ಪುರ

ಕಳೆದ ದೀಪಾವಳಿ ರಜೆಯಲ್ಲಿ ಹೆಂಡತಿ ಮತ್ತು ಎರಡು ವರ್ಷದ ಮಗಳನ್ನು ಕರೆದುಕೊಂಡು ತಾಜ್‌ಮಹಲ್ ನೋಡಲು ಹೊರಟೆ. ಸಾಂತಾಕ್ರೂಜ್‌ನಿಂದ ಹಾರ್ಬರ್ ಲೈನಿನ ಲೋಕಲ್ ಹಿಡಿದು ಸಿಎಸ್‌ಎಂಟಿ, ಅಲ್ಲಿಂದ ಪಂಜಾಬ್ ಮೇಲ್. ಮಧ್ಯರಾತ್ರಿ ಕಳೆದ ಮೇಲೆ ಗಾಡಿ ಬುರ್ಹಾನ್‌ಪುರದಲ್ಲಿ ನಿಂತಿತು. ಬೋಗಿಯಲ್ಲಿ ಎಲ್ಲರಿಗೂ ನಿದ್ದೆ. ನಾನೊಬ್ಬನೇ ಎದ್ದು ಕಿಟಕಿಯಿಂದ ಊರಿನ ಬೋರ್ಡ್ ನೋಡಿದೆ. ತಾಜ್‌ಮಹಲಿನ ಕಥೆ ಶುರುವಾಗುವುದು ಆಗ್ರಾದಲ್ಲಲ್ಲ, ಈ ಊರಿನಲ್ಲಿ.

ಮುಮ್ತಾಜ್ ಮಹಲ್‌ಳ ಮೊದಲಿನ ಹೆಸರು ಅರ್ಜುಮಂದ್ ಬಾನು. ಹುಟ್ಟಿದ್ದು 1593ರಲ್ಲಿ. ತಂದೆ ಆಸಫ್ ಖಾನ್. ಜಹಾಂಗೀರನ ರಾಣಿ ನೂರ್‌ಜಹಾನ್ ಆಕೆಗೆ ಸೋದರತ್ತೆ. 1607ರಲ್ಲಿ ರಾಜಕುಮಾರ ಖುರ್ರಮ್ ಜೊತೆ ನಿಶ್ಚಿತಾರ್ಥ, 1612ರಲ್ಲಿ ಮದುವೆ. ಗಂಡ ತಂದೆಯ ಮೇಲೆ ದಂಗೆಯೆದ್ದು ದಖನ್, ಒಡಿಶಾ, ಬಂಗಾಳ, ಬಿಹಾರ ಎಂದು ಅಲೆದಾಗ ಆಕೆಯೂ ಜೊತೆಗಿದ್ದಳು. ಮಗ ಮುರಾದ್ ಹುಟ್ಟಿದ್ದು ಆ ಅಲೆದಾಟದ ನಡುವೆ, 1624ರಲ್ಲಿ, ಬಿಹಾರದ ರೋಹ್ತಾಸ್ ಕೋಟೆಯಲ್ಲಿ. ದಂಗೆ ಮುಗಿದು ರಾಜಿಯಾದಾಗ ದಾರಾ ಮತ್ತು ಔರಂಗಜೇಬ ಎಂಬ ಇಬ್ಬರು ಮಕ್ಕಳನ್ನು ಮಾವನ ಬಳಿಗೆ ಒತ್ತೆಯಾಗಿ ಕಳಿಸಬೇಕಾಯಿತು. 1628ರಲ್ಲಿ ಖುರ್ರಮ್ ಷಹಜಹಾನ್ ಆಗಿ ಪಟ್ಟಕ್ಕೆ ಬಂದ ಮೇಲೆ ಸಾಮ್ರಾಜ್ಯದ ಮೊಹರು ಆಕೆಯ ಕೈಗೆ ಬಂತು. ಆ ಸುಖ ಮೂರೇ ವರ್ಷದ್ದು.

ಖಾನ್ ಜಹಾನ್ ಲೋದಿಯ ದಂಗೆ ಅಡಗಿಸಲು 1630ರಲ್ಲಿ ಷಹಜಹಾನ್ ಬುರ್ಹಾನ್‌ಪುರಕ್ಕೆ ಬಂದ. ದಖನ್ನಿನಲ್ಲಿ ಆಗ ಭೀಕರ ಬರ. ಮುಮ್ತಾಜ್ ಈ ಸಲವೂ ಜೊತೆಗೆ ಬಂದಳು. 1631ರ ಜೂನ್ 17ರಂದು, ಸುಮಾರು 30 ಗಂಟೆಗಳ ನೋವಿನ ನಂತರ ಹೆಣ್ಣುಮಗು ಹುಟ್ಟಿತು. ಅದು 19 ವರ್ಷಗಳಲ್ಲಿ ಆಕೆಯ 14ನೇ ಹೆರಿಗೆ. ಮಗು ಗೌಹರಾರಾ ಉಳಿಯಿತು, ತಾಯಿ ಉಳಿಯಲಿಲ್ಲ. ಆಕೆಗೆ ಆಗ 38 ವರ್ಷ. ಹೆರಿಗೆಯ ನಂತರದ ರಕ್ತಸ್ರಾವವೇ ಸಾವಿಗೆ ಕಾರಣ ಎಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪಿರುವ ಮಾತು.

ಅದು ಹೇಗೆ ಆಗುತ್ತದೆ ಎಂದು ನನಗೆ ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ನಮ್ಮ ಮಗಳು ಹುಟ್ಟಿದಾಗ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡು ಆ ರಕ್ತನಾಳಗಳನ್ನು ಹಿಸುಕಿ ಮುಚ್ಚಬೇಕು. ಹೆಚ್ಚು ಹೆರಿಗೆಗಳಾಗಿದ್ದರೆ, ನೋವು ಬಹಳ ಹೊತ್ತು ಎಳೆದಿದ್ದರೆ, ಆ ಸ್ನಾಯು ಸೋತು ಮೆತ್ತಗಾಗಿಬಿಡಬಹುದು. ಮುಮ್ತಾಜ್‌ಳಿಗೆ ಇವೆರಡೂ ಇದ್ದವು.

ಸೋರಿಕೆ ಶುರುವಾದಾಗ ದೇಹ ಅದನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ. ಕೈಕಾಲಿನ ರಕ್ತನಾಳಗಳು ಬಿಗಿದುಕೊಂಡು ಇದ್ದಬದ್ದ ರಕ್ತವನ್ನು ಹೃದಯ, ಮಿದುಳಿಗೆ ಕಳಿಸುತ್ತವೆ. ಒಂದು ಲೀಟರ್ ಹೋಗಿದ್ದರೂ ಬಿಪಿ ಸರಿಯಾಗಿಯೇ ಕಾಣಬಹುದು. ನಮ್ಮ ಆಫೀಸಿನಲ್ಲಿ ಡ್ಯಾಶ್‌ಬೋರ್ಡ್ ಎಲ್ಲ ಹಸಿರಾಗಿದ್ದು ಹತ್ತು ನಿಮಿಷಕ್ಕೆ ಸರ್ವರ್ ಬೀಳುತ್ತದಲ್ಲ, ಹಾಗೆ. ಅಂಗೈ ತಣ್ಣಗಾಗುವುದು, ಬೆವರು, ಬಾಯಾರಿಕೆ, ಚಡಪಡಿಕೆ, ವೇಗದ ಸಣ್ಣ ನಾಡಿ ಇವೇ ಮುನ್ಸೂಚನೆ. ಆಮೇಲೆ ಒಮ್ಮೆಲೇ ಬಿಪಿ ಕುಸಿಯುತ್ತದೆ. ಅಂಗಾಂಗಗಳಿಗೆ ರಕ್ತ ಸಾಲದಾಗುತ್ತದೆ. ವೈದ್ಯರು ಶಾಕ್ ಎನ್ನುವುದು ಇದಕ್ಕೆ. ಮನಸ್ಸಿಗೆ ಆಗುವ ಆಘಾತಕ್ಕೂ ಇದಕ್ಕೂ ಸಂಬಂಧವಿಲ್ಲ.

ನನ್ನ ಹೆಂಡತಿಗೂ ಬಿಪಿ ಸರಿಯಾಗಿಯೇ ಇತ್ತು. ಆದರೆ ನರ್ಸ್ ಒಬ್ಬರು ಕೈ ಹಿಡಿದು ನೋಡಿ, ಹಾಸಿಗೆಯ ಕೆಳಗಿದ್ದ ಗುರುತು ಹಾಕಿದ ಪ್ಲಾಸ್ಟಿಕ್ ಚೀಲ ನೋಡಿ, ತಕ್ಷಣ ಡಾಕ್ಟರನ್ನು ಕರೆದರು. ಹೊಟ್ಟೆ ತೀಡಿದರು, ಇಂಜೆಕ್ಷನ್ ಕೊಟ್ಟರು, ಎರಡು ಬಾಟಲಿ ರಕ್ತ ಹಾಕಿದರು. ವಿಜಯಪುರದಿಂದ ಬಂದಿದ್ದ ನಮ್ಮತ್ತೆ ಹೊರಗೆ ಬೆಂಚಿನ ಮೇಲೆ ಮಾತಿಲ್ಲದೆ ಕೂತಿದ್ದರು. ಬೆಳಗಾಗುವ ಹೊತ್ತಿಗೆ ಹೆಂಡತಿ ಚಹಾ ಕೇಳಿದಳು.

ಆ ಚೀಲದ ಬಗ್ಗೆ ಆಮೇಲೆ ಓದಿದಾಗ ನಮ್ಮ ಬೆಳಗಾವಿಯ ಹೆಸರು ಸಿಕ್ಕಿತು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ 1620 ಮಹಿಳೆಯರ ಮೇಲೆ ಅಧ್ಯಯನ ನಡೆಸಿದರು. ಕಣ್ಣಂದಾಜು ಸಾಲದೆಂದು ಗುರುತಿರುವ ಚೀಲದಲ್ಲೇ ರಕ್ತ ಅಳೆದರು. ಹಳ್ಳಿಯ ನರ್ಸ್‌ಗಳು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಅತಿ ರಕ್ತಸ್ರಾವ 100ಕ್ಕೆ 12ರಿಂದ 6.4ಕ್ಕೆ ಇಳಿಯಿತು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಿಂದ ಬಂದ ಫಲಿತಾಂಶ ಇನ್ನೂ ದೊಡ್ಡದು: ಅಂಥದೇ ಚೀಲದಲ್ಲಿ ಅಳೆದು, ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಕೊಟ್ಟಾಗ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ 60 ಪ್ರತಿಶತ ತಗ್ಗಿತು.

ಮುಮ್ತಾಜ್ ಸಾಯುವ ಮೂರು ವರ್ಷ ಮೊದಲಷ್ಟೇ, ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ವಿಲಿಯಂ ಹಾರ್ವೆ ಪುಸ್ತಕ ಬರೆದಿದ್ದ. ರಕ್ತದ ಗುಂಪುಗಳು ಗೊತ್ತಾಗಲು 1901 ಬರಬೇಕಾಯಿತು. ಬಾದಷಹನ ಖಜಾನೆಯಲ್ಲಿ ಎಲ್ಲವೂ ಇತ್ತು, ಆದರೆ ಹೋದ ರಕ್ತವನ್ನು ತುಂಬಿಕೊಡುವ ದಾರಿ ಇರಲಿಲ್ಲ.

ತಾಪಿ ನದಿಯ ಆಚೆ ದಡದ ಜೈನಾಬಾದಿನ ತೋಟದಲ್ಲಿ ಆಕೆಯನ್ನು ಮೊದಲು ಮಣ್ಣು ಮಾಡಿದರು. ಡಿಸೆಂಬರಿನಲ್ಲಿ ಮಗ ಷಾ ಶುಜಾ ಶವವನ್ನು ಆಗ್ರಾಕ್ಕೆ ಒಯ್ದ. ಕೆಲವೇ ತಿಂಗಳಲ್ಲಿ ಆಕೆಯ ತಂದೆ ನಮ್ಮ ವಿಜಯಪುರಕ್ಕೆ ಮುತ್ತಿಗೆ ಹಾಕಿ ಗೆಲ್ಲದೆ ಮರಳಿದ. 1686ರಲ್ಲಿ ಅದನ್ನು ಗೆದ್ದದ್ದು ಆಕೆಯ ಮಗ ಔರಂಗಜೇಬ. ತಾಯಿಯ ನೆನಪೇ ಇಲ್ಲದ ಗೌಹರಾರಾ 1706ರವರೆಗೆ ಬದುಕಿದಳು.

ಊರು ಬಿಟ್ಟು ಬಂದ ನಮಗೆ ಹೆರಿಗೆ ಹೊತ್ತಿಗೆ ಓಡಿಬರಲು ಬಂಧುಬಳಗ ಹತ್ತಿರ ಇರುವುದಿಲ್ಲ. ಹಾಗಾಗಿ ಆಸ್ಪತ್ರೆ ಗೊತ್ತು ಮಾಡುವಾಗ ರೂಮಿಗೆ ಎಸಿ ಇದೆಯಾ ಎಂದು ಕೇಳುವ ಮೊದಲು ಮೂರು ಮಾತು ಕೇಳಿ. ಹೋದ ರಕ್ತವನ್ನು ಹೇಗೆ ಅಳೆಯುತ್ತೀರಿ? ಬೇಕಾದರೆ ರಕ್ತ ಎಲ್ಲಿಂದ, ಎಷ್ಟು ಹೊತ್ತಿಗೆ ಬರುತ್ತದೆ? ಹೆರಿಗೆಯಾದ ಮೊದಲ ಎರಡು ಗಂಟೆ ಪಕ್ಕದಲ್ಲಿ ಯಾರಿರುತ್ತಾರೆ?

ಆಗ್ರಾದಲ್ಲಿ ಮಗಳು ಅಮೃತಶಿಲೆಯ ಮೇಲೆ ಓಡಾಡಿ ಸುಸ್ತಾಗಿ, ಅಮ್ಮನ ಹೆಗಲ ಮೇಲೆ ನಿದ್ದೆ ಹೋದಳು.