ಕ್ಯಾಂಪ್ ಹಾಕಿ ದೇಶ ಅಳೆದವನು: ವಿಲಿಯಂ ಲ್ಯಾಂಬ್ಟನ್

ಗೆಳೆಯರೇ, ಕ್ಯಾಂಪರ್ ಟ್ರೇಲರ್ ಅಂದರೆ ಗೊತ್ತಲ್ಲ? ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ, ಬೇಕಾದ ಕಡೆ ನಿಲ್ಲಿಸಿ ಬಿಚ್ಚಿದರೆ ಟೆಂಟು, ಹಾಸಿಗೆ, ಅಡುಗೆಮನೆ ಎಲ್ಲಾ ಆಗುವ ಗಾಡಿ. ಅದನ್ನು ಕೊಳ್ಳುವವರು ಮೊದಲು ಕೇಳೋದು ಎರಡೇ ಪ್ರಶ್ನೆ. ನಿಲ್ಲಿಸಿದ ಮೇಲೆ ಬಿಚ್ಚಿ ಹೂಡೋಕೆ ಎಷ್ಟು ಹೊತ್ತು ಬೇಕು? ಮಣ್ಣು ರಸ್ತೆಯಲ್ಲಿ ಎಳೆದುಕೊಂಡು ಹೋದರೆ ಒಳಗೆ ಧೂಳು ಹೋಗುತ್ತಾ?

ಎರಡನೇ ಪ್ರಶ್ನೆ ಹಿಂದೆ ಒಳ್ಳೇ ಫಿಸಿಕ್ಸ್ ಇದೆ. ಓಡುವ ಗಾಡಿಯ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಚಕ್ರ ಎಬ್ಬಿಸಿದ ಧೂಳು ಅಲ್ಲೇ ಸುತ್ತುತ್ತಾ ಇರುತ್ತದೆ, ಕೂದಲೆಳೆಯಷ್ಟು ಸಂದಿ ಸಿಕ್ಕರೂ ಒಳಗೆ ನುಗ್ಗುತ್ತದೆ. ರಬ್ಬರ್ ಗ್ಯಾಸ್ಕೆಟ್ ಒಂದೇ ಸಾಲದು ಅಂತ ಕೆಲವು ಗಾಡಿಗಳಲ್ಲಿ ಫಿಲ್ಟರ್ ಮೂಲಕ ಗಾಳಿ ಒಳಗೆ ಬಿಟ್ಟು, ಒಳಗಿನ ಒತ್ತಡವನ್ನೇ ಹೊರಗಿಗಿಂತ ತುಸು ಹೆಚ್ಚು ಇಡುತ್ತಾರೆ. ಕಬ್ಬಿನ ಸೀಸನ್ನಿನಲ್ಲಿ ಮಂಡ್ಯ, ಮದ್ದೂರು ಕಡೆಯ ಹಳ್ಳಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಹಿಂದೆ ಬೈಕ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು 20 ವರ್ಷಕ್ಕೂ ಹೆಚ್ಚು ಕಾಲ ಟೆಂಟಿನಲ್ಲೇ ಬದುಕಿದ ಒಬ್ಬ ಮನುಷ್ಯ ಇದ್ದ. ಅವನಿಗೆ ಬೇಕಾಗಿದ್ದದ್ದು ಸುಖವಾದ ನಿದ್ದೆಯಲ್ಲ, ಸರಿಯಾದ ಅಳತೆ. ಅವನೇ ವಿಲಿಯಂ ಲ್ಯಾಂಬ್ಟನ್. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ಶುರುಮಾಡಿದವನು. ಸಿವಿಲ್ ಹುಡುಗರು ಸರ್ವೇಯಿಂಗ್ ಪುಸ್ತಕದಲ್ಲಿ ಅವನ ಹೆಸರು ಓದಿರುತ್ತಾರೆ. ಆದರೆ ಅವನು ನಮ್ಮ ಮಳವಳ್ಳಿ ದಾರಿಯಲ್ಲೇ ಈ ಸೀಮೆಗೆ ಕಾಲಿಟ್ಟ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಲ್ಯಾಂಬ್ಟನ್ ಹುಟ್ಟಿದ್ದು 1750ರ ದಶಕದಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಒಂದು ಬಡ ರೈತ ಕುಟುಂಬದಲ್ಲಿ. ಲೆಕ್ಕದಲ್ಲಿ ಚುರುಕು. 1781ರಲ್ಲಿ ಬ್ರಿಟಿಷ್ ಸೈನ್ಯದ 33ನೇ ರೆಜಿಮೆಂಟಿಗೆ ಸೇರಿ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಹೋದ, ಯಾರ್ಕ್‌ಟೌನ್‌ನಲ್ಲಿ ಸೆರೆ ಸಿಕ್ಕ. ಆಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸಣ್ಣದೊಂದು ಸರ್ಕಾರಿ ಕೆಲಸ ಹಿಡಿದು ವರ್ಷಗಟ್ಟಲೆ ಉಳಿದ. ಪದೋನ್ನತಿ ಇಲ್ಲ, ಹೆಸರಿಲ್ಲ. ಆದರೆ ಓದೋಕೆ ಬೇಕಾದಷ್ಟು ಹೊತ್ತಿತ್ತು. ಗಣಿತ, ಖಗೋಳ, ಭೂಮಿಯ ಆಕಾರದ ಬಗ್ಗೆ ಯೂರೋಪಿನಲ್ಲಿ ನಡೆಯುತ್ತಿದ್ದ ಚರ್ಚೆ, ಎಲ್ಲವನ್ನೂ ಒಬ್ಬನೇ ಕೂತು ಕಲಿತ. ಸೂರ್ಯಗ್ರಹಣ ನೋಡುವಾಗ ಒಂದು ಕಣ್ಣಿಗೆ ಪೆಟ್ಟಾಯಿತು. ಮುಂದೆ ಇಡೀ ದಕ್ಷಿಣ ಭಾರತವನ್ನು ದುರ್ಬೀನಿನಲ್ಲಿ ನೋಡಿ ಅಳೆದವನಿಗೆ ಸರಿಯಾಗಿ ಇದ್ದದ್ದು ಒಂದೇ ಕಣ್ಣು!

40 ದಾಟಿದ ಮೇಲೆ ಅವನು ತನ್ನ ರೆಜಿಮೆಂಟಿನ ಜೊತೆ ಭಾರತಕ್ಕೆ ಬಂದ. ಆ ರೆಜಿಮೆಂಟಿನ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು. 1799ರಲ್ಲಿ ನಾಲ್ಕನೇ ಮೈಸೂರು ಯುದ್ಧ ಶುರುವಾಯಿತು. ಜನರಲ್ ಹ್ಯಾರಿಸ್‌ನ ಸೈನ್ಯ ಕನಕಪುರದ ಕಡೆಯಿಂದ ಬಂದು, ಶಿಂಷಾ ಹೊಳೆ ದಾಟಿ, ಮಳವಳ್ಳಿ ಬಯಲಿಗೆ ಇಳಿಯಿತು. ಮಾರ್ಚ್ 27ರಂದು ಅಲ್ಲಿ ಟಿಪ್ಪುವಿನ ಸೈನ್ಯದೊಂದಿಗೆ ಕದನ ನಡೆಯಿತು, ಟಿಪ್ಪು ಹಿಂದೆ ಸರಿಯಬೇಕಾಯಿತು. ಹ್ಯಾರಿಸ್ ಸೋಸಲೆ ಹತ್ತಿರ ಕಾವೇರಿ ದಾಟಿ ಶ್ರೀರಂಗಪಟ್ಟಣಕ್ಕೆ ಹೋದ. ಮೇ 4ಕ್ಕೆ ಕೋಟೆ ಬಿತ್ತು, ಟಿಪ್ಪು ಸತ್ತ. ನಮ್ಮ ಸೀಮೆಗೆ ಅದು ಸೋಲಿನ ಬೇಸಿಗೆ. ಲ್ಯಾಂಬ್ಟನ್ ಬಂದದ್ದು ಗೆದ್ದವರ ಜೊತೆ, ಅದನ್ನು ಮರೆಯೋ ಹಾಗಿಲ್ಲ.

ಆ ಮುತ್ತಿಗೆಯ ದಿನಗಳ ಒಂದು ಕಥೆ ಅವನ ಸ್ವಭಾವ ತೋರಿಸುತ್ತದೆ. ಒಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ಕತ್ತಲಲ್ಲಿ ನಡೆದು ಹೋಗುತ್ತಿತ್ತು. ಲ್ಯಾಂಬ್ಟನ್ ತಲೆಯೆತ್ತಿ ನಕ್ಷತ್ರ ನೋಡಿದ. ದಿಕ್ಕು ತಪ್ಪಿದೆ, ಹೀಗೇ ಹೋದರೆ ನೇರವಾಗಿ ಶತ್ರುವಿನ ನಡುವೆಯೇ ಹೋಗಿ ಬೀಳುತ್ತೇವೆ ಅಂತ ಎಚ್ಚರಿಸಿದ. ಬೇರ್ಡ್ ಮೊದಲು ನಂಬಲಿಲ್ಲ. ಕೊನೆಗೆ ನಕ್ಷತ್ರಗಳೇ ಸರಿ ಅಂತ ಗೊತ್ತಾಯಿತು.

ಯುದ್ಧ ಮುಗಿದ ಮೇಲೆ ಅವನು ವೆಲ್ಲೆಸ್ಲಿ ಮೂಲಕ ಮದ್ರಾಸ್ ಸರ್ಕಾರದ ಮುಂದೆ ಒಂದು ಯೋಜನೆ ಇಟ್ಟ. ಗೆದ್ದ ಮೈಸೂರು ಸೀಮೆಯ ಮೂಲಕ, ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿವರೆಗೆ ತ್ರಿಕೋನಗಳ ಸರಪಳಿ ಹೆಣೆಯುವುದು. ತತ್ವ ನಮಗೆಲ್ಲ ಗೊತ್ತಿರೋದೇ. ಸಮತಟ್ಟು ನೆಲದಲ್ಲಿ ಒಂದೇ ಒಂದು ಗೆರೆಯನ್ನು ಬಹಳ ನಿಖರವಾಗಿ ಅಳೆಯಬೇಕು. ಅದು ಬೇಸ್‌ಲೈನ್. ಅದರ ಎರಡು ತುದಿಯಿಂದ ದೂರದ ಬೆಟ್ಟಕ್ಕೆ ಕೋನ ಅಳೆದರೆ ಉಳಿದ ಎರಡು ಭುಜ ಲೆಕ್ಕದಲ್ಲಿ ಬರುತ್ತವೆ. ಆ ಭುಜದ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಆದರೆ ಮೊದಲ ಗೆರೆಯಲ್ಲಿ ಒಂದು ಅಂಗುಲ ತಪ್ಪಿದರೂ ಆ ತಪ್ಪು ಬೆಟ್ಟದಿಂದ ಬೆಟ್ಟಕ್ಕೆ ದೊಡ್ಡದಾಗುತ್ತಾ ಹೋಗುತ್ತದೆ.

ಒಪ್ಪಿಗೆ ಸಿಕ್ಕಿತು. 1800ರ ಕೊನೆಯಲ್ಲಿ ಬೆಂಗಳೂರಿನ ಹತ್ತಿರ ಮೊದಲ ಗೆರೆ ಅಳೆದ. ಕೆಲಸ ಪಕ್ಕಾ ಶುರುವಾದದ್ದು 1802ರ ಏಪ್ರಿಲ್ 10ರಂದು, ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ. ಅಲ್ಲಿನ ಬೇಸ್‌ಲೈನ್ ಸುಮಾರು ಏಳೂವರೆ ಮೈಲಿ. ನಾವು ಬೈಕಿನಲ್ಲಿ ಕಾಲು ಗಂಟೆಯಲ್ಲಿ ಮುಗಿಸುವ ದೂರ. ಲ್ಯಾಂಬ್ಟನ್‌ಗೆ 57 ದಿನ ಬೇಕಾಯಿತು!

ಯಾಕೆ ಅಷ್ಟು? ಅವನ ಬಳಿ ಇದ್ದದ್ದು 100 ಅಡಿ ಉದ್ದದ ಉಕ್ಕಿನ ಸರಪಳಿ. ಅದನ್ನು ನೆಲದ ಮೇಲೆ ಎಸೆದು ಎಳೆಯುವ ಹಾಗಿಲ್ಲ. ಮುಕ್ಕಾಲಿಗಳ ಮೇಲೆ ಮರದ ಉದ್ದನೆಯ ಪೆಟ್ಟಿಗೆಗಳನ್ನು ಸಾಲಾಗಿ ಕೂರಿಸಿ, ಸ್ಕ್ರೂ ತಿರುಗಿಸಿ ಮಟ್ಟ ಮಾಡಿ, ಒಳಗೆ ಸರಪಳಿ ಇಟ್ಟು, ತೂಕ ಕಟ್ಟಿ ಬಿಗಿದು, ಥರ್ಮಾಮೀಟರ್ ಓದಿ, ಗುರುತು ಹಾಕಬೇಕು. ಆಮೇಲೆ ಎಲ್ಲಾ ಕಿತ್ತು ಮುಂದಿನ 100 ಅಡಿಗೆ ಹೋಗಬೇಕು. ಹೀಗೆ ಸುಮಾರು 400 ಸಲ! ಅಳೆಯೋದು ಕ್ಷಣದ ಕೆಲಸ, ಹೂಡೋದೇ ದಿನದ ಕೆಲಸ.

ಇಷ್ಟೆಲ್ಲಾ ಬೇಕಿತ್ತಾ ಅಂತ ಕೇಳುವವರು ಒಂದು ಲೆಕ್ಕ ಮಾಡಿ ನೋಡಿ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಲಕ್ಷದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. 100 ಅಡಿ ಸರಪಳಿಗೆ ಅದು ಸುಮಾರು 0.35 ಮಿಲಿಮೀಟರ್. ಬೆಳಗ್ಗೆಗೂ ಮಧ್ಯಾಹ್ನಕ್ಕೂ 10 ಡಿಗ್ರಿ ವ್ಯತ್ಯಾಸ ಇದೆ ಅಂದುಕೊಂಡರೆ 3.5 ಮಿಲಿಮೀಟರ್. 400 ಸಲಕ್ಕೆ ಗುಣಿಸಿ: 1.4 ಮೀಟರ್. ಥರ್ಮಾಮೀಟರ್ ಓದೋಕೆ ಬೇಜಾರು ಮಾಡಿಕೊಂಡಿದ್ದರೆ ಶುರುವಿನಲ್ಲೇ ಒಂದು ಆಳುದ್ದದ ತಪ್ಪು ಸೇರಿಕೊಳ್ಳುತ್ತಿತ್ತು.

ಇನ್ನು ಕೋನ ಅಳೆಯುವ ಯಂತ್ರ. ಲಂಡನ್ನಿನ ವಿಲಿಯಂ ಕೇರಿ ಮಾಡಿಕೊಟ್ಟ ಮಹಾ ಥಿಯೊಡೊಲೈಟ್. ತೂಕ ಅರ್ಧ ಟನ್, ಕೋನ ಓದುವ ಚಕ್ರದ ಅಗಲ 36 ಇಂಚು. ಬರುವ ದಾರಿಯಲ್ಲಿ ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಅಲ್ಲಿನ ಗವರ್ನರ್ ಇದು ವಿಜ್ಞಾನದ ಉಪಕರಣ ಅಂತ ತಿಳಿದು ಮರ್ಯಾದೆಯಿಂದ ಮದ್ರಾಸಿಗೆ ಕಳಿಸಿಕೊಟ್ಟ. ಈ ಯಂತ್ರವನ್ನು ಒಂದೊಂದು ಬೆಟ್ಟದ ತುದಿಗೂ ಹೊತ್ತು ಹತ್ತಿಸಬೇಕು. ಬಿಸಿಲು, ಗಾಳಿ ತಾಗದ ಹಾಗೆ ಟೆಂಟು ಹಾಕಬೇಕು, ಮಟ್ಟ ಮಾಡಬೇಕು. ಆಮೇಲೆ 40-50 ಕಿಲೋಮೀಟರ್ ಆಚೆಯ ಬೆಟ್ಟದ ಮೇಲೆ ಬಾವುಟ ಕಾಣುವವರೆಗೆ ಕಾಯಬೇಕು. ಒಂದು ದಿನ, ಎರಡು ದಿನ, ಕೆಲವು ಸಲ ವಾರಗಟ್ಟಲೆ.

ಕಾಯೋಕೆ ಮುಖ್ಯ ಕಾರಣ ಧೂಳು. ನಮ್ಮ ಕಡೆ ಫೆಬ್ರವರಿಯಿಂದ ಮೇವರೆಗೆ ಗಾಳಿಯಲ್ಲಿ ಒಂದು ಬೂದು ಪರದೆ ಇರುತ್ತದೆ. ಕುಂತಿಬೆಟ್ಟ ಹತ್ತಿ ನೋಡಿ, ಬೇಸಿಗೆಯಲ್ಲಿ ದೂರದ ಬೆಟ್ಟಗಳು ಮಬ್ಬು. ಒಂದು ಒಳ್ಳೇ ಮಳೆ ಬಿದ್ದ ಮಾರನೇ ದಿನ ಅವೇ ಬೆಟ್ಟಗಳು ಕೈಗೆ ಸಿಗುವಷ್ಟು ಹತ್ತಿರ. ಅದಕ್ಕೇ ಲ್ಯಾಂಬ್ಟನ್ ತಂಡ ಮಳೆಗಾಲದಲ್ಲೇ ಹೆಚ್ಚು ಕೆಲಸ ಮಾಡಿತು. ಗಾಳಿ ತೊಳೆದು ಶುಭ್ರವಾಗುತ್ತಿತ್ತು. ಆದರೆ ಅದೇ ಮಳೆಗಾಲದಲ್ಲಿ ಕಾಡಿನ ಬೆಟ್ಟಗಳಲ್ಲಿ ಜ್ವರ ಕಾಯುತ್ತಾ ಇರುತ್ತಿತ್ತು. ಬಾವುಟ ಹಿಡಿದು ಬೆಟ್ಟದ ತುದಿಯಲ್ಲಿ ನೆನೆಯುತ್ತಾ ಕೂತವರು, ಯಂತ್ರ ಹೊತ್ತವರು, ಮರ ಕಡಿದು ದೃಷ್ಟಿ ಬಿಡಿಸಿದವರು ಬಹುಪಾಲು ಈ ನೆಲದ ಖಲಾಸಿಗಳು, ಕೂಲಿಗಳು. ಜ್ವರಕ್ಕೆ ಸಿಕ್ಕವರೂ ಅವರೇ. ಕಂಪನಿಗೆ ಕಂದಾಯ ಎಣಿಸೋಕೆ, ಸೈನ್ಯ ನಡೆಸೋಕೆ ಬೇಕಾದ ನಕ್ಷೆಗೆ ಬೆಲೆ ತೆತ್ತವರು ಇವರು.

ಧೂಳು ಯಂತ್ರದ ಒಳಗೆ ಹೋದರೆ ಏನಾಗುತ್ತದೆ ಅನ್ನೋದಕ್ಕೂ ಲೆಕ್ಕ ಇದೆ. 36 ಇಂಚಿನ ಚಕ್ರದ ಸುತ್ತಳತೆ ಸುಮಾರು 2,870 ಮಿಲಿಮೀಟರ್. ಅದನ್ನು 12,96,000 ಸೆಕೆಂಡುಗಳಾಗಿ ಭಾಗ ಮಾಡಿದರೆ, ಕೋನದ ಒಂದು ಸೆಕೆಂಡ್ ಅಂದರೆ ಅಂಚಿನಲ್ಲಿ ಬರೀ 2.2 ಮೈಕ್ರಾನ್. ಕಣ್ಣಿಗೆ ಕಾಣದ 20 ಮೈಕ್ರಾನಿನ ಒಂದು ಧೂಳಿನ ಕಣ ಅಷ್ಟೇ ಅಗಲದ ತಪ್ಪು ಓದಿಸಿದರೆ 9 ಸೆಕೆಂಡ್ ವ್ಯತ್ಯಾಸ. 30 ಕಿಲೋಮೀಟರ್ ಆಚೆ ಅದು 1.3 ಮೀಟರ್! ಕ್ಯಾಂಪರ್ ಟ್ರೇಲರಿನೊಳಗೆ ಧೂಳು ಹೋದರೆ ಹಾಸಿಗೆ ಕೊಡವಿದರೆ ಆಯಿತು. ಇಲ್ಲಿ ಕೊಡವೋಕೆ ಆಗಲ್ಲ, ಬೆಟ್ಟವೇ ಜಾಗ ಬದಲಿಸಿಬಿಡುತ್ತದೆ.

ಇಷ್ಟು ನಿಧಾನದ ಕೆಲಸಕ್ಕೆ ದುಡ್ಡು ಯಾಕೆ ಅಂತ ಮದ್ರಾಸಿನಲ್ಲಿ ಗೊಣಗಾಟ ಶುರುವಾಯಿತು. ಹಣಕಾಸು ಸಮಿತಿಯ ಒಬ್ಬ ಸದಸ್ಯನ ವಾದ ತಮಾಷೆಯಾಗಿತ್ತು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರ ಮುಖಂಡನಿಗೆ ಹೇಳಿದರೆ ಸಾಕು, ಅವನೇ ಮುಟ್ಟಿಸುತ್ತಾನೆ, ಅದಕ್ಕೆ ಲ್ಯಾಂಬ್ಟನ್ನನ ನಕ್ಷೆ ಯಾಕೆ ಅನ್ನೋದು ಅವನ ಪ್ರಶ್ನೆ. ಮದ್ದೂರು, ಮಂಡ್ಯದ ಮೇಲೆ ಹಾದುಹೋಗುವ ಹಳೇ ದಾರಿ ಪಲ್ಲಕ್ಕಿಯವರಿಗೆ ನಿಜವಾಗಲೂ ಬಾಯಿಪಾಠವೇ. ಆದರೆ ದಾರಿ ಗೊತ್ತಿರೋದು ಬೇರೆ, ದೂರ ಗೊತ್ತಿರೋದು ಬೇರೆ. ತ್ರಿಕೋನಗಳು ಮೈಸೂರು ದಾಟಿ ಮಂಗಳೂರು ಮುಟ್ಟಿದಾಗ, ಮದ್ರಾಸಿನಿಂದ ಅಲ್ಲಿಗೆ ಅಡ್ಡಗಲ ಸುಮಾರು 360 ಮೈಲಿ ಅಂತ ತಿಳಿಯಿತು. ಹಳೇ ನಕ್ಷೆಗಳಲ್ಲಿ 400 ಅಂತ ಇತ್ತು. ಇಲ್ಲದ 40 ಮೈಲಿ ನೆಲವನ್ನು ಎಲ್ಲರೂ ಇದೆ ಅಂದುಕೊಂಡಿದ್ದರು.

ಲ್ಯಾಂಬ್ಟನ್ ತನ್ನ ಅಳತೆಯನ್ನೂ ಸುಮ್ಮನೆ ನಂಬಲಿಲ್ಲ. 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಬೇಸ್‌ಲೈನ್ ಅಳೆಸಿ, ಮದ್ರಾಸಿನಿಂದ ಲೆಕ್ಕದಲ್ಲಿ ಬಂದ ಉದ್ದಕ್ಕೂ ನೆಲದ ಮೇಲೆ ಸಿಕ್ಕ ಉದ್ದಕ್ಕೂ ತಾಳೆ ನೋಡಿದ. ಏಳು ಮೈಲಿಗೂ ಹೆಚ್ಚಿನ ಗೆರೆಯಲ್ಲಿ ವ್ಯತ್ಯಾಸ 4 ಇಂಚಿಗಿಂತ ಕಡಿಮೆ.

1808ರಲ್ಲಿ ದೊಡ್ಡ ಆಘಾತ ಬಂತು. ತಂಜಾವೂರಿನಲ್ಲಿ ಸುತ್ತ ಬಯಲು, ಬೆಟ್ಟವಿಲ್ಲ. ಅದಕ್ಕೆ ದೊಡ್ಡ ದೇವಾಲಯದ ಗೋಪುರದ ಮೇಲೆ ಥಿಯೊಡೊಲೈಟ್ ಏರಿಸುತ್ತಿದ್ದಾಗ ಹಗ್ಗ ತುಂಡಾಯಿತು. ಯಂತ್ರ ಗೋಡೆಗೆ ಬಡಿದು ಚಕ್ರ ಸೊಟ್ಟಗಾಯಿತು. ಹೊಸದು ತರಿಸಬೇಕಾದರೆ ವರ್ಷಗಳು ಬೇಕು. ಅವನು ತಿರುಚಿನಾಪಳ್ಳಿಯಲ್ಲಿ ಆರು ವಾರ ಕೂತ. ಹಲಗೆಯ ಮೇಲೆ ಪೂರ್ತಿ ಅಳತೆಯ ವೃತ್ತ ಬರೆದು, ಬೆಣೆ, ಸ್ಕ್ರೂ, ಮರದ ಸುತ್ತಿಗೆ ಹಿಡಿದು, ಸೊಟ್ಟಗಾದ ಚಕ್ರವನ್ನು ಕೂದಲೆಳೆ ಕೂದಲೆಳೆಯಾಗಿ ಎಳೆದು ಸರಿಮಾಡಿದ. ಅದೇ ಯಂತ್ರ ಮತ್ತೆ ಕೆಲಸಕ್ಕೆ ಹೊರಟಿತು. ಮೆಕ್ಯಾನಿಕಲ್ ವಿಭಾಗದ ಗೆಳೆಯರು ಈ ಆರು ವಾರವನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ಮುಂದೆ ಅವನ ತ್ರಿಕೋನಗಳು ಕನ್ಯಾಕುಮಾರಿಯಿಂದ ಉತ್ತರಕ್ಕೆ, 78 ಡಿಗ್ರಿ ರೇಖಾಂಶದ ಹತ್ತಿರ ಏರುತ್ತಾ ಹೋದವು. ಇದೇ ಮಹಾ ಚಾಪ. ಭೂಮಿ ಧ್ರುವಗಳ ಕಡೆ ಎಷ್ಟು ಚಪ್ಪಟೆ ಅಂತ ತಿಳಿಯೋಕೆ ಈ ಗೆರೆ ಬೇಕಿತ್ತು. 1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಸದಸ್ಯನಾಗಿ ಆರಿಸಿತು. 1818ರಲ್ಲಿ ಜಾರ್ಜ್ ಎವರೆಸ್ಟ್ ಅನ್ನುವ ಯುವಕ ಸಹಾಯಕನಾಗಿ ನೇಮಕವಾದ.

1823ರ ಜನವರಿ 20ರಂದು, ನಾಗಪುರದ ದಾರಿಯಲ್ಲಿ ಹಿಂಗಣಘಾಟ್ ಎಂಬ ಊರಿನ ಕ್ಯಾಂಪಿನಲ್ಲಿ ಲ್ಯಾಂಬ್ಟನ್ ತೀರಿಕೊಂಡ. ವಯಸ್ಸು ಸುಮಾರು 70. ಸಮಾಧಿಯೂ ಅಲ್ಲೇ. ಆ ಹೊತ್ತಿಗೆ ಅವನ ತಂಡ ಅಳೆದ ನೆಲ ಸುಮಾರು 1,65,000 ಚದರ ಮೈಲಿ. ಚಾಪವನ್ನು ಹಿಮಾಲಯದ ತಪ್ಪಲಿನವರೆಗೆ ಮುಟ್ಟಿಸಿದ್ದು ಎವರೆಸ್ಟ್, ಒಟ್ಟು ಸುಮಾರು 2,400 ಕಿಲೋಮೀಟರ್. ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಅವನ ಹೆಸರು ಬಂತು. ಗೆರೆ ಶುರುಮಾಡಿದ ಲ್ಯಾಂಬ್ಟನ್ ಪುಸ್ತಕದ ಪುಟದಲ್ಲಿ ಉಳಿದ.

ಈಗ ನಮ್ಮ ಕೈಯಲ್ಲಿ ಟೋಟಲ್ ಸ್ಟೇಷನ್ ಇದೆ. ಐದು ನಿಮಿಷದಲ್ಲಿ ಹೂಡಬಹುದು. ಧೂಳು, ನೀರು ತಡೆಯುವ ಮಟ್ಟವನ್ನು ಐಪಿ ಸಂಖ್ಯೆಯಲ್ಲಿ ಮೈಮೇಲೇ ಬರೆದಿರುತ್ತಾರೆ: ಮೊದಲ ಅಂಕಿ 5 ಆದರೆ ಹಾನಿಯಾಗುವಷ್ಟು ಧೂಳು ಹೋಗಲ್ಲ, 6 ಆದರೆ ಧೂಳು ಹೋಗುವುದೇ ಇಲ್ಲ. ಆದರೆ ಟ್ರೈಪಾಡ್ ಕಾಲನ್ನು ಗಟ್ಟಿಯಾಗಿ ಊರೋದು, ಗುಳ್ಳೆಯನ್ನು ನಡುವೆ ತರೋದು, ಪೆಟ್ಟಿಗೆ ಮುಚ್ಚುವ ಮೊದಲು ಗ್ಯಾಸ್ಕೆಟ್ ಮೇಲಿನ ಮಣ್ಣು ಒರೆಸೋದು ಇನ್ನೂ ನಮ್ಮ ಕೆಲಸವೇ. ಈ ಸಲ ಸರ್ವೇ ಕ್ಯಾಂಪಿಗೆ ಮಳವಳ್ಳಿ ಕಡೆ ಹೋದರೆ, ಟೀಮಿನಲ್ಲಿ ಯಾರಾದರೂ ಬೇಗ ಓದಿ ಮುಗಿಸ್ರೋ ಅಂತ ಅವಸರ ಮಾಡಿದಾಗ ಆ 57 ದಿನದ ಲೆಕ್ಕ ಹೇಳಿ. ಆಮೇಲೆ ಗುಳ್ಳೆ ಇನ್ನೊಂದು ಸಲ ನೋಡಿ.